ಆ ಕಪ್ಪು ಹನಿ ಹೇಳಿದ್ದೇ ಸೆಕೆ!

"ಅಂಜಾ? ಪತ್ತಾ?"

ಐದೋ, ಹತ್ತೋ? ಚೆನ್ನೈನ ರಿಚಿ ಸ್ಟ್ರೀಟಿನಲ್ಲಿ ಎಸಿ ಸೆನ್ಸರ್ ಕೊಡಿ ಅಂದರೆ ಅಂಗಡಿಯವರು ತಲೆ ಎತ್ತದೆ ಕೇಳುವುದು ಇಷ್ಟೇ. ಎಸಿ ಯಾವ ಕಂಪನಿಯದು, ಒಂದು ಟನ್ನೋ ಒಂದೂವರೆ ಟನ್ನೋ, ಕೊಂಡು ಎಷ್ಟು ವರ್ಷವಾಯಿತು ಎಂಬ ವಿಚಾರಣೆಯೇ ಇಲ್ಲ. ಐದೋ ಹತ್ತೋ ಗೊತ್ತಿದ್ದರೆ ನೀವು ಕಸುಬಿನವರು, ಗೊತ್ತಿಲ್ಲದಿದ್ದರೆ ಪಕ್ಕಕ್ಕೆ ನಿಲ್ಲಬೇಕು. ನಾನು ಪಕ್ಕಕ್ಕೆ ನಿಂತೆ. ನಿಂತದ್ದು ಒಳ್ಳೆಯದೇ ಆಯಿತು!

ಮೌಂಟ್ ರೋಡಿನಿಂದ (ಸರ್ಕಾರಿ ಹೆಸರು ಅಣ್ಣಾ ಸಾಲೈ, ಆಟೋದವರ ಬಾಯಲ್ಲಿ ಇವತ್ತಿಗೂ ಮೌಂಟ್ ರೋಡೇ) ಚಿಂತಾದ್ರಿಪೇಟೆಯ ಕಡೆಗೆ ಹೊರಳಿದರೆ ಈ ಎಲೆಕ್ಟ್ರಾನಿಕ್ಸ್ ಸಾಮಾನಿನ ಬೀದಿ ಸಿಗುತ್ತದೆ. ಹೆಸರಿಗೆ ಒಂದು ಬೀದಿ. ನಿಜದಲ್ಲಿ ನರಸಿಂಗಪುರಂ ಸ್ಟ್ರೀಟ್, ಮೀರಾನ್ ಸಾಹಿಬ್ ಸ್ಟ್ರೀಟ್, ವಾಲರ್ಸ್ ರೋಡ್ ಎಲ್ಲ ಒಂದಕ್ಕೊಂದು ಹೆಣೆದುಕೊಂಡ ಗಲ್ಲಿಗಳ ಗೋಜಲು. ಬೆಂಗಳೂರಿನವರು ಎಸ್.ಪಿ. ರೋಡನ್ನು ನೆನೆದುಕೊಂಡು ಅದಕ್ಕೆ ಕಡಲ ತೀರದ ಬೆವರನ್ನು ಸೇರಿಸಿಕೊಂಡರೆ ಸಾಕು. ನನ್ನನ್ನು ಅಲ್ಲಿಗೆ ಅಟ್ಟಿದವರು ನಮ್ಮ ಮನೆಯ ಎಸಿ ನೋಡಲು ಬಂದ ಮೆಕ್ಯಾನಿಕ್. ಹೊಸೂರು ಕಡೆಯವರು, ಮನೆಮಾತು ಕನ್ನಡ. ಅವರಿಗಿಂತ ಮೊದಲು ಬಂದವನೊಬ್ಬ ಗ್ಯಾಸ್ ಪೂರ್ತಿ ಖಾಲಿಯಾಗಿದೆ ಎಂದು ಸಾವಿರಗಳ ಲೆಕ್ಕ ಹೇಳಿ ಹೋಗಿದ್ದ. ಇವರು ಮುಂದಿನ ಮುಚ್ಚಳ ಬಿಚ್ಚಿ, ಎರಡು ಎಳೆಯ ತೆಳು ವೈರನ್ನು ಹಿಡಿದೆಳೆದು, ಅದರ ತುದಿಯನ್ನು ನನ್ನ ಕಣ್ಣೆದುರಿಗೆ ಹಿಡಿದರು. "ಗ್ಯಾಸ್ ಎಲ್ಲೂ ಹೋಗಿಲ್ಲ ಸಾರ್. ಇದಕ್ಕೆ ತಲೆ ಕೆಟ್ಟಿದೆ ಅಷ್ಟೇ."

ಇದು ಅಂದರೆ ಯಾವುದು? ತುದಿಯಲ್ಲಿ ಸಾಸಿವೆಗಿಂತ ದೊಡ್ಡ, ಕಾಳುಮೆಣಸಿಗಿಂತ ಚಿಕ್ಕ ಒಂದು ಕಪ್ಪು ಹನಿ. ಅಷ್ಟೇ! ಗೋಡೆಯ ಮೇಲಿನ ಅಷ್ಟುದ್ದದ ಯಂತ್ರ, ಹೊರಗೆ ಬಾಲ್ಕನಿಯಲ್ಲಿ ಗುಡುಗುವ ಕಂಪ್ರೆಸರ್, ಎರಡು ತಿಂಗಳಿಗೊಮ್ಮೆ ಎದೆ ನಡುಗಿಸುವ ಕರೆಂಟ್ ಬಿಲ್ಲು, ಎಲ್ಲದರ ಜುಟ್ಟು ಈ ಹನಿಯ ಕೈಯಲ್ಲಿದೆ.

ಅಂಗಡಿಯಲ್ಲಿ ಇವು ಗೊಂಚಲು ಗೊಂಚಲಾಗಿ ನೇತಾಡುತ್ತಿದ್ದವು. ಬರಿಯ ಕಪ್ಪು ಹನಿಯದು ರೂಮ್ ಸೆನ್ಸರ್. ತಾಮ್ರದ ಟೋಪಿ ಹಾಕಿಕೊಂಡದ್ದು ಕಾಯಿಲ್ ಸೆನ್ಸರ್, ಕೆಲವರ ಬಾಯಲ್ಲಿ ಪೈಪ್ ಸೆನ್ಸರ್. ಎರಡೂ ಜೋಡಿಯಾಗಿ ಒಂದೇ ಕನೆಕ್ಟರಿಗೆ ಬರುವುದೂ ಉಂಟು. ಜೋಡಿಯ ಬೆಲೆ ಹೋಟೆಲಿನ ಒಂದು ಊಟದಷ್ಟು ಇರಬಹುದು. ನನ್ನ ಮುಖದ ಮೇಲಿನ ಪ್ರಶ್ನೆ ಓದಿದ ಅಂಗಡಿಯಾತ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಒಂದು ಸೆನ್ಸರಿನ ಪಿನ್ನುಗಳಿಗೆ ತಾಗಿಸಿದ. ಪರದೆಯಲ್ಲಿ ಆರೂವರೆ ಕಿಲೋಓಮ್. ಹನಿಯನ್ನು ಬೆರಳಲ್ಲಿ ಹಿಡಿ ಎಂದು ಸನ್ನೆ ಮಾಡಿದ. ಹಿಡಿದೆ. ಅಂಕಿ ಕದಲಲೇ ಇಲ್ಲ! ಕೆಟ್ಟಿದೆಯೇ? ಆತ ನಕ್ಕು, ಪಕ್ಕದಲ್ಲಿದ್ದ ತಣ್ಣನೆಯ ಪನ್ನೀರ್ ಸೋಡಾ ಬಾಟಲಿಗೆ ಹನಿಯನ್ನು ಒತ್ತಿ ಹಿಡಿದ. ಎಂಟು, ಹನ್ನೊಂದು, ಹದಿನಾಲ್ಕು, ಹದಿನೇಳು... ಅಂಕಿ ಓಡಿತು ನೋಡಿ! ಕೆಟ್ಟಿರಲಿಲ್ಲ, ಸತ್ಯವನ್ನೇ ಹೇಳುತ್ತಿತ್ತು. ಮೇ ತಿಂಗಳ ಚೆನ್ನೈ ಬೀದಿಯೂ ನನ್ನ ಬೆರಳೂ ಹೆಚ್ಚುಕಡಿಮೆ ಒಂದೇ ಬಿಸಿ. ಆ ಹನಿಗೆ ನಾನೂ ಬೀದಿಯೂ ಬೇರೆಬೇರೆಯಾಗಿ ಕಾಣಲೇ ಇಲ್ಲ!

ಅಂಗಡಿಯವರ ಐದು, ಹತ್ತು ಎಂದರೆ ಇದೇ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹನಿ ವಿದ್ಯುತ್ತಿಗೆ ಒಡ್ಡುವ ರೋಧ ಐದು ಸಾವಿರ ಓಮ್ ಆದರೆ ಅದು ಐದು ಕೆ, ಹತ್ತು ಸಾವಿರವಾದರೆ ಹತ್ತು ಕೆ. ಹದಿನೈದು, ಇಪ್ಪತ್ತರವೂ ಇವೆ. ಹೊರಗಿನ ಯೂನಿಟ್ಟಿನಲ್ಲಿ ಕಂಪ್ರೆಸರಿನಿಂದ ಕುದಿಯುತ್ತ ಹೊರಡುವ ಪೈಪಿಗೆ ಕಟ್ಟುವುದಕ್ಕೆ ಐವತ್ತರದೂ ಸಿಗುತ್ತದೆ. ಸಾಮಾನ್ಯವಾಗಿ ಸಿಗುವ ಒಂದು ಹತ್ತು ಕೆ ಹನಿಯನ್ನು ಮಂಜುಗಡ್ಡೆಯ ನೀರಿಗೆ ಇಳಿಸಿದರೆ ರೋಧ 33 ಸಾವಿರ ದಾಟುತ್ತದೆ. 50 ಡಿಗ್ರಿಯ ಬಿಸಿನೀರಿಗೆ ಇಳಿಸಿದರೆ ಮೂರೂವರೆ ಸಾವಿರಕ್ಕೆ ಬಂದು ನಿಲ್ಲುತ್ತದೆ. ಪ್ರತಿ ಡಿಗ್ರಿಗೆ ಸುಮಾರು ಶೇ 4ರಷ್ಟು ಜಿಗಿತ. ಬಿಸಿ ಏರಿದರೆ ರೋಧ ಇಳಿಯುತ್ತದೆ!

ಶಾಲೆಯಲ್ಲಿ ನಾವು ಕಲಿತದ್ದು ತದ್ವಿರುದ್ಧ ಅಲ್ಲವೇ? ತಾಮ್ರದ ತಂತಿ ಬಿಸಿಯಾದರೆ ಅದರ ರೋಧ ಹೆಚ್ಚುತ್ತದೆ, ಅದೂ ಡಿಗ್ರಿಗೆ ಶೇ 0.4ರಷ್ಟು ಮಾತ್ರ. ಈ ಕಪ್ಪು ಹನಿ ಲೋಹಗಳಿಗೆ ಬೆನ್ನು ತಿರುಗಿಸಿ, ಹತ್ತು ಪಟ್ಟು ವೇಗದಲ್ಲಿ ಓಡುತ್ತದೆ. ಇದನ್ನು ಮೊದಲು ಕಂಡವನು ಮೈಕೆಲ್ ಫ್ಯಾರಡೆ, 1833ರಲ್ಲಿ. ಬೆಳ್ಳಿಯ ಸಲ್ಫೈಡನ್ನು ದೀಪದ ಉರಿಗೆ ಹಿಡಿದ, ವಿದ್ಯುತ್ತು ಸಲೀಸಾಗಿ ಹರಿಯತೊಡಗಿತು. ದೀಪ ಸರಿಸಿದ, ಹರಿವು ಕುಗ್ಗಿತು. ಆ ಕಾಲದಲ್ಲಿ ಇದೊಂದು ವಿಚಿತ್ರ, ಅಷ್ಟೇ. ಇದರಿಂದ ಏನು ಉಪಯೋಗ ಎಂದು ಯಾರಿಗೂ ತೋಚಿರಲಿಕ್ಕಿಲ್ಲ.

ಇನ್ನೊಂದು ಸಂಗತಿ ಕೇಳಿ, ನನಗಂತೂ ಮೈ ಜುಮ್ಮೆಂದಿತು. ಅದೇ 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ 'ಟಸ್ಕನಿ' ಎಂಬ ಹಡಗು ಹೊಟ್ಟೆಯಲ್ಲಿ ಸುಮಾರು 180 ಟನ್ ಮಂಜುಗಡ್ಡೆ ತುಂಬಿಕೊಂಡು ಕಲ್ಕತ್ತೆಗೆ ಹೊರಟಿತ್ತು! ಕಳುಹಿಸಿದವನು ಮಂಜುಗಡ್ಡೆ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್. ಅಲ್ಲಿನ ಕೆರೆಗಳಲ್ಲಿ ಚಳಿಗಾಲದಲ್ಲಿ ಕೊಯ್ದ ಗಡ್ಡೆ, ಮರದ ಹೊಟ್ಟಿನ ನಡುವೆ ಬೆಚ್ಚಗೆ ಮಲಗಿ ನಾಲ್ಕು ತಿಂಗಳ ಕಡಲ ದಾರಿ ಸವೆಸಿ ಬಂತು. ಕರಗಿದ್ದು ಕರಗಿ ಸುಮಾರು ನೂರು ಟನ್ ಉಳಿದಿತ್ತು. ಈ ವ್ಯಾಪಾರ ಮದ್ರಾಸಿಗೂ ಹಬ್ಬಿ, 1842ರಲ್ಲಿ ಮರೀನಾ ಕಡಲ ದಂಡೆಯಲ್ಲಿ ಐಸ್ ಹೌಸ್ ಎದ್ದಿತು. ಇವತ್ತಿಗೂ ಇದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರಿಂದ ಈಗ ಅದು ವಿವೇಕಾನಂದರ್ ಇಲ್ಲಂ. ಒಂದು ಕಡೆ ಲಂಡನ್ನಿನ ಪ್ರಯೋಗಶಾಲೆಯಲ್ಲಿ ತಂಪು-ಬಿಸಿಯನ್ನು ಅರಿಯುವ ಗುಟ್ಟು, ಇನ್ನೊಂದು ಕಡೆ ಹಡಗೇರಿ ಬಂದ ತಂಪು. ಎರಡೂ ಒಂದೇ ವರ್ಷ ಹೊರಟು, ಕೊನೆಗೆ ಒಂದಾಗಿ ಸೇರಿದ್ದು ನಮ್ಮ ನಿಮ್ಮ ಮಲಗುವ ಕೋಣೆಯ ಗೋಡೆಯ ಮೇಲೆ!

ಫ್ಯಾರಡೆಯ ಆ ವಿಚಿತ್ರ ಬಳಕೆಯ ವಸ್ತುವಾಗಲು ಸುಮಾರು ನೂರು ವರ್ಷ ಬೇಕಾಯಿತು. 1930ರ ಹೊತ್ತಿಗೆ ಅಮೆರಿಕದ ಸ್ಯಾಮ್ಯುಯೆಲ್ ರೂಬೆನ್ ಅದನ್ನು ಕೆಲಸಕ್ಕೆ ಹಚ್ಚಿದ. ಈಗ ಅದರ ಹೆಸರು ಥರ್ಮಿಸ್ಟರ್. ನಮ್ಮ ಹನಿ ಎನ್‌ಟಿಸಿ ಜಾತಿಯದು, ಬಿಸಿ ಏರಿದಂತೆ ರೋಧ ಇಳಿಸಿಕೊಳ್ಳುವ ಜಾತಿ. ಒಳಗೇನಿದೆ? ಮ್ಯಾಂಗನೀಸ್, ನಿಕ್ಕಲ್, ಕೋಬಾಲ್ಟ್, ಕಬ್ಬಿಣದಂಥ ಲೋಹಗಳ ಆಕ್ಸೈಡ್ ಪುಡಿ. ಬೇಕಾದ ಪ್ರಮಾಣದಲ್ಲಿ ಬೆರೆಸಿ, ಒತ್ತಿ, ಸಾವಿರ ಡಿಗ್ರಿ ಮೀರಿದ ಕುಲುಮೆಯಲ್ಲಿ ಸುಟ್ಟ ಸಿರಾಮಿಕ್. ಎರಡು ತಂತಿ ಬೆಸೆದು ಮೇಲೆ ಎಪಾಕ್ಸಿ ಹೊದಿಸಿದರೆ ಮುಗಿಯಿತು. ಹೆಚ್ಚಿನವುಗಳಲ್ಲಿ ಮುಖ್ಯ ಪಾತ್ರ ಮ್ಯಾಂಗನೀಸಿನದು. ಹೌದು, ಬಳ್ಳಾರಿ ಜಿಲ್ಲೆಯ ಸಂಡೂರಿನ ಬೆಟ್ಟಗಳಿಂದ ತಲೆಮಾರುಗಳಿಂದ ಅಗೆದು ಲಾರಿಗೆ ತುಂಬುತ್ತಿರುವ ಅದೇ ಮ್ಯಾಂಗನೀಸ್! ಉಕ್ಕಿಗೆ ಬಲ ಕೊಡಲೆಂದು ಟನ್ನುಗಟ್ಟಲೆ ಹೋಗುವ ಆ ಲೋಹದ ಒಂದು ಚಿಟಿಕೆ, ಸುಟ್ಟು ಹದ ಮಾಡಿದರೆ, ಸೆಕೆಯನ್ನು ಅಂಕಿಯಾಗಿ ಹೇಳಬಲ್ಲದು.

ಹೇಗೆ? ಇಲ್ಲಿ ಸ್ವಲ್ಪ ನಿಲ್ಲೋಣ, ನಿಂತು ನೋಡುವಂಥ ಜಾಗ ಇದು. ತಾಮ್ರದಲ್ಲಿ ಎಲೆಕ್ಟ್ರಾನುಗಳು ಯಾರ ಹಂಗೂ ಇಲ್ಲದೆ ಅಲೆಯುತ್ತಿರುತ್ತವೆ. ಬಿಸಿಯಾದರೆ ಪರಮಾಣುಗಳ ನಡುಕ ಹೆಚ್ಚಿ ಅವುಗಳ ಓಡಾಟಕ್ಕೆ ಅಡ್ಡಿ, ಅದಕ್ಕೇ ರೋಧ ಏರುವುದು. ಮ್ಯಾಂಗನೀಸ್ ಆಕ್ಸೈಡಿನಲ್ಲಿ ಹಾಗಲ್ಲ. ಅಲ್ಲಿ ಮೂರು ಎಲೆಕ್ಟ್ರಾನ್ ಕಳೆದುಕೊಂಡ ಮ್ಯಾಂಗನೀಸಿನ ಪಕ್ಕದಲ್ಲೇ ನಾಲ್ಕು ಕಳೆದುಕೊಂಡದ್ದೂ ಕೂತಿರುತ್ತದೆ. ಮೊದಲನೆಯದರಿಂದ ಎರಡನೆಯದಕ್ಕೆ ಒಂದು ಎಲೆಕ್ಟ್ರಾನ್ ಹಾರಬಹುದು, ಆದರೆ ಸುಮ್ಮನೆ ಹಾರುವುದಿಲ್ಲ. ಕೂತಲ್ಲೇ ಹುದುಗಿಕೊಂಡ ಅದನ್ನು ಎಬ್ಬಿಸಲು ಒಂದು ನೂಕು ಬೇಕು. ಆ ನೂಕೇ ಬಿಸಿ! ಬಿಸಿ ಹೆಚ್ಚಿದಷ್ಟೂ ನೆಗೆಯುವ ಎಲೆಕ್ಟ್ರಾನುಗಳು ಹೆಚ್ಚು, ನೆಗೆತ ಹೆಚ್ಚಿದಷ್ಟೂ ಕರೆಂಟು ಹೆಚ್ಚು. ಚೆನ್ನೈನ ಮನುಷ್ಯರು ಬಿಸಿಲೇರಿದಂತೆ ಕೂತಲ್ಲೇ ಕರಗಿದರೆ ಈ ಎಲೆಕ್ಟ್ರಾನುಗಳು ಬಿಸಿಲೇರಿದಂತೆ ಚುರುಕಾಗುತ್ತವೆ.

ಈಗ ಇನ್ನೂ ದೊಡ್ಡ ಬೆರಗು. ನಿಮ್ಮ ಎಸಿಗೆ ಸೆಕೆ ಎಂದರೇನು ಎಂದು ಗೊತ್ತೇ ಇಲ್ಲ!

ಅದಕ್ಕೆ ಗೊತ್ತಿರುವುದು ಒಂದು ಅಂಕಿ ಮಾತ್ರ. ಒಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ಒಂದು ಸ್ಥಿರ ರೋಧಕವಿದೆ, ಅದಕ್ಕೆ ಸಾಲಾಗಿ ನಮ್ಮ ಹನಿ. ಎರಡರ ಮೇಲೂ ಒಂದಿಷ್ಟು ವೋಲ್ಟೇಜು. ನಡುವಿನ ಗಂಟಿನಲ್ಲಿ ಎಷ್ಟು ವೋಲ್ಟ್ ಎಂದು ಚಿಪ್ ಅಳೆಯುತ್ತದೆ, ತನ್ನ ನೆನಪಿನಲ್ಲಿರುವ ಪಟ್ಟಿ ತೆಗೆದು ನೋಡುತ್ತದೆ, ಇಷ್ಟು ವೋಲ್ಟ್ ಅಂದರೆ ಇಷ್ಟು ಡಿಗ್ರಿ ಎಂದು ನಂಬುತ್ತದೆ. ಮುಗಿಯಿತು. ಕಿಟಕಿ ತೆರೆದಿದೆಯೇ, ಹೊರಗೆ ಮೇ ತಿಂಗಳ ಕತ್ತರಿ ವೆಯಿಲೋ ಹಿಂಗಾರಿನ ಐಪಸಿ ಮಳೆಯೋ, ಮಗು ನಡುಗುತ್ತಿದೆಯೋ, ಅದಕ್ಕೆ ಕಾಣದು. ಹನಿ ಹೇಳಿದ್ದೇ ವೇದವಾಕ್ಯ.

ಹಾಗಾದರೆ ಹತ್ತು ಕೆ ಇರಬೇಕಾದ ಜಾಗದಲ್ಲಿ ಐದು ಕೆ ಹಾಕಿದರೆ? ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ, ಎದ್ದು ಕೂರುವಂತಾಯಿತು. ಕೋಣೆಯಲ್ಲಿ ತಣ್ಣಗೆ 25 ಡಿಗ್ರಿ ಇರುವಾಗ ಐದು ಕೆ ಹನಿ ಐದು ಸಾವಿರ ಓಮ್ ತೋರಿಸುತ್ತದೆ. ಹತ್ತು ಕೆ ಪಟ್ಟಿಯಲ್ಲಿ ಐದು ಸಾವಿರ ಓಮ್ ಎಂದರೆ 41 ಡಿಗ್ರಿ ಮೀರಿದ ಬಿಸಿ! ಎಸಿಗೆ ನಿಮ್ಮ ಕೋಣೆ ಸದಾ ಸುಡುವ ಮೇ ತಿಂಗಳು. ಕಂಪ್ರೆಸರ್ ನಿಲ್ಲುವ ಮಾತೇ ಇಲ್ಲ, ನೀವು ಕಂಬಳಿಯೊಳಗೆ, ಮೀಟರು ಗಿರಗಿರ. ಹತ್ತರ ಜಾಗಕ್ಕೆ ಇಪ್ಪತ್ತು ಕೆ ಹಾಕಿ ನೋಡಿ, ಅದೇ 25 ಡಿಗ್ರಿಯ ಕೋಣೆ ಎಸಿಗೆ 10 ಡಿಗ್ರಿಯ ಕೊಡೈಕೆನಾಲ್ ಆಗಿಬಿಡುತ್ತದೆ. ಇಷ್ಟು ಚಳಿಯಲ್ಲಿ ತಂಪು ಯಾಕೆ ಎಂದು ಅದು ಫ್ಯಾನ್ ಮಾತ್ರ ತಿರುಗಿಸುತ್ತ ಕೂರುತ್ತದೆ, ನೀವು ಬೆವರುತ್ತ ಕೂರುತ್ತೀರಿ. ಗ್ಯಾಸ್ ತುಂಬಿದೆ, ಕಂಪ್ರೆಸರ್ ಗಟ್ಟಿಮುಟ್ಟಾಗಿದೆ, ಮೋಟರು, ಬೋರ್ಡು ಎಲ್ಲ ಸರಿಯಿದೆ. ಕೆಟ್ಟಿರುವುದು ಯಂತ್ರದ ನಂಬಿಕೆ ಒಂದೇ!

ಸೆನ್ಸರಿನ ತಂತಿ ತುಂಡಾದರೆ ಅಥವಾ ಎರಡೂ ತಂತಿ ಒಂದಕ್ಕೊಂದು ತಗಲಿದರೆ ಅಷ್ಟು ಗೋಳಿಲ್ಲ. ತುಂಡಾದಾಗ ರೋಧ ಅಪಾರ, ಅಂದರೆ ಭೂಮಿಯ ಮೇಲೆಲ್ಲೂ ಇಲ್ಲದ ಚಳಿ. ತಗಲಿದಾಗ ರೋಧ ಸೊನ್ನೆ, ಅಂದರೆ ಕುಲುಮೆಯ ಬಿಸಿ. ಎರಡೂ ಸುಳ್ಳೆಂದು ಬೋರ್ಡಿಗೆ ಗೊತ್ತಾಗಿ ದೀಪ ಮಿಟುಕಿಸುತ್ತದೆ, ಇಲ್ಲವೇ ಒಂದು ಎರರ್ ಕೋಡ್ ತೋರಿಸಿ ಮುಷ್ಕರ ಹೂಡುತ್ತದೆ. ಒಂದೊಂದು ಕಂಪನಿಗೆ ಒಂದೊಂದು ಕೋಡ್, ಒಬ್ಬರದು ಇನ್ನೊಬ್ಬರಿಗೆ ಹೊಂದದು. ಈ ಹಠ ಯಾತಕ್ಕೋ ನನಗಂತೂ ಅರ್ಥವಾಗಿಲ್ಲ.

ಮೋಸ ಮಾಡುವುದು ಅರ್ಧ ಸುಳ್ಳು. ಚೆನ್ನೈನ ಗಾಳಿಯಲ್ಲಿ ನೀರಿದೆ, ಕಡಲ ಉಪ್ಪಿದೆ, ಮೇಲಾಗಿ ತಂಪಾದ ಕಾಯಿಲ್ ಮೇಲೆ ದಿನವಿಡೀ ನೀರು ಕೂರುತ್ತದೆ. ಎಪಾಕ್ಸಿಯ ಹೊದಿಕೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಟ್ಟರೆ ತೇವ ಮೆಲ್ಲಗೆ ಒಳಗಿಳಿದು ವಿದ್ಯುತ್ತಿಗೊಂದು ಕಳ್ಳದಾರಿ ಮಾಡಿಕೊಡುತ್ತದೆ. ಆ ಕಳ್ಳದಾರಿಯ ರೋಧ ಐವತ್ತು ಸಾವಿರ ಓಮ್ ಎಂದಿಟ್ಟುಕೊಳ್ಳಿ. ಹತ್ತು ಸಾವಿರ ತೋರಿಸಬೇಕಾದ ಹನಿ ಎಂಟು ಸಾವಿರ ಚಿಲ್ಲರೆ ತೋರಿಸುತ್ತದೆ, ಎಸಿ 25ನ್ನು 29 ಎಂದು ಓದುತ್ತದೆ. ಕೋಡೂ ಇಲ್ಲ, ಮಿಟುಕುವ ದೀಪವೂ ಇಲ್ಲ. ಬಿಲ್ಲು ಮಾತ್ರ ಏರುತ್ತಿರುತ್ತದೆ. "ಇದನ್ನ ಹಿಡಿಯೋಕೆ ಮೀಟರ್ ಬೇಕು, ತಾಳ್ಮೆ ಬೇಕು ಸಾರ್" ಎಂದರು ನಮ್ಮ ಹೊಸೂರಿನವರು. ಅವರ ಪದ್ಧತಿ ಸರಳ. ಹಳೆಯ ಸೆನ್ಸರನ್ನೂ ಹೊಸದನ್ನೂ ಒಂದೇ ಲೋಟದ ನೀರಿನಲ್ಲಿ ಇಳಿಬಿಟ್ಟು, ಸ್ವಲ್ಪ ಹೊತ್ತು ಬಿಟ್ಟು, ಎರಡರ ರೋಧವನ್ನೂ ಅಳೆಯುತ್ತಾರೆ. ಹೊಸದು ಬೇರೆ ದಾರಿ ಹಿಡಿದರೆ ಹಳೆಯದು ಕಸದ ಬುಟ್ಟಿಗೆ. ಆಮೇಲೆ ನೀರಿಗೆ ಎರಡು ಚೂರು ಐಸ್ ಹಾಕಿ ಮತ್ತೊಮ್ಮೆ ಅಳೆಯುತ್ತಾರೆ. ಯಾಕೆಂದರೆ 25 ಡಿಗ್ರಿಯಲ್ಲಿ ಎರಡೂ ಹತ್ತು ಸಾವಿರವೇ ಆಗಿದ್ದರೂ ಏರಿಳಿತದ ಕಡಿದು ಬೇರೆಬೇರೆ ಇರಬಹುದು. ಆ ಕಡಿದಿನ ಅಳತೆಗೆ ಬೀಟಾ ಎಂದು ಹೆಸರು. 3950, 3435 ಎಂದೆಲ್ಲ ಪೊಟ್ಟಣದ ಮೇಲೆ ಅಚ್ಚಾಗಿರುತ್ತದೆ. ಅಂಗಡಿಯಲ್ಲಿ ಅದನ್ನು ಓದುವವರು ಕಡಿಮೆ, ಓದಬೇಕಾದ್ದು ಅದನ್ನೇ!

ಕಾಯಿಲ್ ಸೆನ್ಸರಿನದು ಕಾವಲುಗಾರನ ಕೆಲಸ. ಒಳಗಿನ ಕಾಯಿಲ್ ಸೊನ್ನೆ ಡಿಗ್ರಿಯ ಹತ್ತಿರ ಹೋದರೆ ಅದರ ಮೇಲಿನ ನೀರು ಮಂಜುಗಡ್ಡೆಯಾಗಿ ಗಾಳಿಯ ದಾರಿ ಮುಚ್ಚುತ್ತದೆ. ಅದಕ್ಕೆ ಮುಂಚೆ ಕಂಪ್ರೆಸರ್ ನಿಲ್ಲಿಸೆಂದು ಕೂಗುವುದು ಇದೇ. ಬಿಸಿ ಗಾಳಿಯನ್ನೂ ಕೊಡುವ ಮಾದರಿಗಳಲ್ಲಿ ಅದೇ ಕಾಯಿಲ್ ಕಾಯುವ ತನಕ ಫ್ಯಾನ್ ತಿರುಗದಂತೆ ತಡೆಯುವುದೂ ಇದೇ. ಇಲ್ಲದಿದ್ದರೆ ಚಳಿಯಲ್ಲಿ ಹೀಟರ್ ಹಾಕಿದವನ ಮುಖಕ್ಕೆ ಮೊದಲು ತಣ್ಣನೆಯ ಗಾಳಿ ಬಡಿದೀತು. ಇದರ ಕನೆಕ್ಟರನ್ನು ಬೋರ್ಡಿಗೆ ನೆಟ್ಟಗೆ ಸಿಕ್ಕಿಸಿ, ತುದಿಯನ್ನು ತಾಮ್ರದ ಕೊಳವೆಯಲ್ಲಿ ಸರಿಯಾಗಿ ಕೂರಿಸಿ, ಕ್ಲಿಪ್ ಬಿಗಿ ಮಾಡಬೇಕು. ಸಡಿಲವಾದರೆ ಅದು ಅಳೆಯುವುದು ಪೈಪನ್ನಲ್ಲ, ಗಾಳಿಯನ್ನು.

ಬಿಸಿಯನ್ನು ಕೋಣೆಯಿಂದ ದೂರಕ್ಕೆ ತಿಳಿಸುವ ಹಂಬಲ ಹುಟ್ಟಿದ್ದೂ ಚಳಿಯ ನಾಡಿನಲ್ಲಿ, ಅದೂ ತರಗತಿಯಲ್ಲಿ! ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವಾರೆನ್ ಜಾನ್ಸನ್ ಎಂಬ ಮೇಷ್ಟರು ಪಾಠ ಮಾಡುವಾಗ ಒಲೆ ನೋಡಿಕೊಳ್ಳುವ ಜವಾನ ಮತ್ತೆ ಮತ್ತೆ ಒಳಬಂದು ಥರ್ಮಾಮೀಟರ್ ನೋಡಿ ಹೋಗಬೇಕಿತ್ತು. ಕಿರಿಕಿರಿ ತಡೆಯದ ಮೇಷ್ಟರು ಕೋಣೆಯ ಬಿಸಿಯನ್ನು ಕೆಳಗಿದ್ದ ಜವಾನನಿಗೆ ಗಂಟೆ ಬಾರಿಸಿ ತಿಳಿಸುವ ವಿದ್ಯುತ್ ಸಾಧನ ಮಾಡಿ 1883ರಲ್ಲಿ ಪೇಟೆಂಟ್ ಪಡೆದರು. ಅವರು ಕಟ್ಟಿದ ಕಂಪನಿಯೇ ಇವತ್ತಿನ ಜಾನ್ಸನ್ ಕಂಟ್ರೋಲ್ಸ್.

ಆದರೆ ತಂಪು-ಬಿಸಿಯನ್ನು ಪಟ್ಟು ಹಿಡಿದು ಬರೆದಿಡುವುದರಲ್ಲಿ ಮದ್ರಾಸಿನ ಮುಂದೆ ಅವರೆಲ್ಲ ಎಳೆಯರು! ನುಂಗಂಬಾಕ್ಕಂನ ಕಾಲೇಜ್ ರೋಡಿನಲ್ಲಿರುವ ಹವಾಮಾನ ಕೇಂದ್ರದ ಆವರಣದಲ್ಲಿ 1792ರಲ್ಲಿ ಎದ್ದದ್ದು ಮದ್ರಾಸ್ ವೀಕ್ಷಣಾಲಯ. ಅದರ ಬೇರು 1786ಕ್ಕೆ, ಎಗ್ಮೋರಿನ ವಿಲಿಯಂ ಪೆಟ್ರಿಯ ಮನೆಗೆ ಹೋಗುತ್ತದೆ. ಬೆಂಗಳೂರಿನ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ ತನ್ನ ವಂಶಾವಳಿಯನ್ನು ಎಣಿಸುವುದು ಅಲ್ಲಿಂದಲೇ. 1796ರಿಂದ ಅಲ್ಲಿ ಹವೆಯ ಲೆಕ್ಕ ಇಡಲಾಗಿದೆ. ಖಗೋಳಜ್ಞ ಜಾನ್ ಗೋಲ್ಡಿಂಗ್‌ಹ್ಯಾಮ್ ಸುಮ್ಮನೆ ಥರ್ಮಾಮೀಟರ್ ನೋಡಿ ತೃಪ್ತನಾಗಲಿಲ್ಲ. ಸೇಂಟ್ ಜಾರ್ಜ್ ಕೋಟೆಯಲ್ಲೂ ಸೇಂಟ್ ಥಾಮಸ್ ಮೌಂಟಿನಲ್ಲೂ ಹಾರುವ ತೋಪಿನ ಬೆಳಕು ಕಂಡ ಗಳಿಗೆಗೂ ಸದ್ದು ಕಿವಿಗೆ ಬಿದ್ದ ಗಳಿಗೆಗೂ ನಡುವಿನ ಹೊತ್ತನ್ನು ಎಣಿಸಿದ, ಪ್ರತಿ ಸಲವೂ ಹವೆಯ ಬಿಸಿಯನ್ನು ಪಕ್ಕದಲ್ಲಿ ಬರೆದ. ಸದ್ದು ಎಲ್ಲ ದಿನವೂ ಒಂದೇ ವೇಗದಲ್ಲಿ ಬರುತ್ತಿರಲಿಲ್ಲ. ಸೆಕೆಯ ತಿಂಗಳಲ್ಲಿ ಬೇಗ, ತಂಪಿನ ತಿಂಗಳಲ್ಲಿ ತಡ! ಒಂದು ಡಿಗ್ರಿ ಏರಿದರೆ ಸದ್ದು ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚು ಓಡುತ್ತದೆ ಎಂದು ನಾವು ಈಗ ಪುಸ್ತಕದಲ್ಲಿ ಓದುತ್ತೇವೆ. ಗೋಲ್ಡಿಂಗ್‌ಹ್ಯಾಮನ ಕೈಯಲ್ಲಿ ಇಡೀ ಮದ್ರಾಸಿನ ಆಕಾಶವೇ ಒಂದು ಸೆನ್ಸರ್ ಆಗಿತ್ತು. ಆತನ ಬರಹ 1823ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. 2003ರ ಮೇ ಕೊನೆಯಲ್ಲಿ ಚೆನ್ನೈ 45 ಡಿಗ್ರಿ ಮುಟ್ಟಿದಾಗ ಅದನ್ನು ದಾಖಲೆ ಎಂದು ಹೇಳಲು ಸಾಧ್ಯವಾದದ್ದು ಇಂಥ ಲೆಕ್ಕಗಳು ಬೆನ್ನಿಗಿದ್ದುದರಿಂದ.

ಎಲ್ಲಿ ನಿಂತು ಅಳೆಯುತ್ತೀರಿ ಎಂಬುದೂ ಸಣ್ಣ ಮಾತಲ್ಲ. ಮೋಡವಿಲ್ಲದ, ಗಾಳಿ ಆಡದ ರಾತ್ರಿ ಅತಿ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡಿರುವುದಿಲ್ಲ, ಒಂದು ಗೇಣೋ ಎರಡು ಗೇಣೋ ಮೇಲಿರುತ್ತದೆ ಎಂದು ಹವಾಮಾನ ವಿಜ್ಞಾನಿ ಎಲ್.ಎ. ರಾಮದಾಸ್ 1932ರಲ್ಲಿ ತೋರಿಸಿದಾಗ ಅನೇಕರು ನಂಬಲಿಲ್ಲ. ಅಳತೆಯೇ ತಪ್ಪಿರಬೇಕು ಎಂದರು. ಅದನ್ನು ವಿವರಿಸುವ ಸಿದ್ಧಾಂತವೊಂದು ಬಂದದ್ದು 1993ರಲ್ಲಿ, ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಮತ್ತು ಸಂಗಡಿಗರಿಂದ. ಗೇಣಿನ ಅಂತರದಲ್ಲೇ ಗಾಳಿ ಹೀಗೆ ಬೇರೆಯಾಗುವುದಾದರೆ ನಿಮ್ಮ ಮಲಗುವ ಕೋಣೆಯ ಕಥೆ? ಎಸಿಯ ಹನಿ ಕೂತಿರುವುದು ಸೂರಿನ ಹತ್ತಿರ, ಗಾಳಿ ಒಳಹೋಗುವ ಬಾಯಲ್ಲಿ. ನೀವು ಮಲಗಿರುವುದು ಕೆಳಗೆ. ರಿಮೋಟಿನ 24 ಅದರ 24, ನಿಮ್ಮದಲ್ಲ! ಅದಕ್ಕೇ ಕೆಲವು ಕಂಪನಿಗಳು ರಿಮೋಟಿನೊಳಗೂ ಒಂದು ಹನಿ ಇಟ್ಟು, ನೀವಿರುವ ಕಡೆಯ ಸೆಕೆ ಕೇಳಿಕೊಳ್ಳುವ ಸೌಕರ್ಯ ಕೊಟ್ಟಿವೆ. ದಿಂಬಿನ ಕೆಳಗೆ ರಿಮೋಟ್ ಇಟ್ಟು ಮಲಗುವವರು ಇದನ್ನು ಗಮನಿಸಬೇಕು. 2020ರ ಜನವರಿ 1ರಿಂದ ನಮ್ಮ ದೇಶದಲ್ಲಿ ಸ್ಟಾರ್ ಚೀಟಿಯ ಎಸಿಗಳು ಆನ್ ಮಾಡಿದ ಕೂಡಲೇ 24 ಡಿಗ್ರಿಯಲ್ಲಿ ಶುರುವಾಗಬೇಕು ಎಂಬ ನಿಯಮವಿದೆ, ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಸ್ಟಾರ್ ಚೀಟಿ ಕೊಡುವ ಸರ್ಕಾರಿ ಸಂಸ್ಥೆ ಬಿಇಇಯ ಲೆಕ್ಕ. ತೇವ ಕುಡಿದು ನಾಲ್ಕು ಡಿಗ್ರಿ ಸುಳ್ಳು ಹೇಳುವ ಹನಿಯ ಮುಂದೆ ನಿಯಮವೂ ಲೆಕ್ಕವೂ ಏನು ಮಾಡಬೇಕು?

ಒಂದು ಡಿಗ್ರಿ, ಅರ್ಧ ಡಿಗ್ರಿ ಎಂದರೆ ನಗುವವರು ಈಸ್ಟ್ ಕೋಸ್ಟ್ ರೋಡ್ ಹಿಡಿದು ಮಹಾಬಲಿಪುರದ ಕಡೆ ಹೋಗಬೇಕು. ದಾರಿಯಲ್ಲಿ ವಡನೆಮ್ಮೇಲಿಯ ಬಳಿ 1976ರಲ್ಲಿ ಉರಗತಜ್ಞ ರೋಮ್ಯುಲಸ್ ವಿಟೇಕರ್ ಮತ್ತು ಸಂಗಡಿಗರು ಕಟ್ಟಿದ ಮದ್ರಾಸ್ ಮೊಸಳೆ ಬ್ಯಾಂಕ್ ಇದೆ. ಮೊಸಳೆಯ ಮೊಟ್ಟೆಯೊಳಗಿನ ಮರಿ ಗಂಡೋ ಹೆಣ್ಣೋ ಎಂಬುದನ್ನು ತಂದೆತಾಯಿಯ ವರ್ಣತಂತುಗಳು ಬರೆದು ಕಳುಹಿಸುವುದಿಲ್ಲ. ತೀರ್ಮಾನ ಮೊಟ್ಟೆ ಹೂತ ಮರಳಿನ ಬಿಸಿಯದು! ಜೆಫ್ರಿ ಲ್ಯಾಂಗ್, ಹ್ಯಾರಿ ಆಂಡ್ರೂಸ್, ವಿಟೇಕರ್ ಮೂವರೂ ಅಲ್ಲಿ ನಡೆಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಮಗ್ಗರ್ ಮೊಸಳೆಯ ಮೊಟ್ಟೆಗಳನ್ನು 28ರಿಂದ 31 ಡಿಗ್ರಿಯಲ್ಲಿ ಇಟ್ಟರೆ ಹುಟ್ಟಿದ್ದೆಲ್ಲ ಹೆಣ್ಣು. 32.5 ಡಿಗ್ರಿಯಲ್ಲಿ ಎಲ್ಲವೂ ಗಂಡು. 31.5, 32, 33ರಲ್ಲಿ ಎರಡೂ ಬೆರಕೆ. ಅರ್ಧ ಡಿಗ್ರಿಯಲ್ಲಿ ಒಂದು ಪೀಳಿಗೆಯ ಹಣೆಬರಹ! ರಿಚಿ ಸ್ಟ್ರೀಟಿನ ಒಳ್ಳೆಯ ಹನಿಯ ಪೊಟ್ಟಣದ ಮೇಲೆ ಶೇ 1 ಎಂದಿದ್ದರೆ ಅದರ ತಪ್ಪು ಸುಮಾರು ಕಾಲು ಡಿಗ್ರಿ, ಶೇ 5 ಎಂದಿದ್ದರೆ ಒಂದು ಡಿಗ್ರಿಗೂ ಮೇಲೆ. ಮನೆಯ ಎಸಿಗೆ ಎರಡನೆಯದೂ ನಡೆದೀತು. ಮೊಟ್ಟೆ ಕಾಯಿಸುವ ಪೆಟ್ಟಿಗೆಗೆ ಅದನ್ನು ಹಾಕಿದರೆ ಹೆಣ್ಣೆಂದುಕೊಂಡದ್ದು ಗಂಡಾಗಿ ಹೊರಬಂದೀತು.

ಇಷ್ಟು ಸೂಕ್ಷ್ಮಕ್ಕೆ ಬರಿಯ ಬೀಟಾ ಸಾಲದು. ಸಾಗರದ ಬಿಸಿ ಅಳೆಯುವವರಿಗೆ ಈ ತೊಂದರೆ ಮೊದಲೇ ಕಂಡಿತ್ತು. 1968ರಲ್ಲಿ ಜಾನ್ ಸ್ಟೈನ್‌ಹಾರ್ಟ್ ಮತ್ತು ಸ್ಟ್ಯಾನ್ಲಿ ಹಾರ್ಟ್, ಆಳಸಮುದ್ರದ ಅಧ್ಯಯನಕ್ಕೆ ಮೀಸಲಾದ ಪತ್ರಿಕೆಯೊಂದರಲ್ಲಿ, ಮೂರು ಸ್ಥಿರಾಂಕಗಳ ಸಮೀಕರಣ ಕೊಟ್ಟರು. ಥರ್ಮಿಸ್ಟರ್ ಲೆಕ್ಕ ಹಾಕುವವರಿಗೆ ಇವತ್ತಿಗೂ ಅದೇ ಆಧಾರ. ದೊಡ್ಡ ಕಟ್ಟಡಗಳ ಚಿಲ್ಲರ್ ನೋಡಿಕೊಳ್ಳುವವರು ಅನೇಕ ಸಲ ಪ್ಲಾಟಿನಮ್ ಸೆನ್ಸರಿಗೆ ಮೊರೆಹೋಗುತ್ತಾರೆ. ಪಿಟಿ ಹಂಡ್ರೆಡ್ ಎಂದು ಅದರ ಹೆಸರು. ಸೊನ್ನೆ ಡಿಗ್ರಿಯಲ್ಲಿ 100 ಓಮ್, ನೂರು ಡಿಗ್ರಿಯಲ್ಲಿ 138.5. ನಿಧಾನಿ, ದುಬಾರಿ, ಆದರೆ ವರ್ಷಗಟ್ಟಲೆ ಮಾತು ತಪ್ಪುವುದಿಲ್ಲ.

ಕಡೆಗೆ ಚೆನ್ನೈನದೇ ಆದ ಪೆರಂಬೂರಿನ ಕಥೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 1955ರಲ್ಲಿ ಶುರುವಾದ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ ಅಲ್ಲಿದೆ. ಮೊದಲ ವಂದೇ ಭಾರತ್ ರೈಲು 2018ರಲ್ಲಿ ಹೊರಬಿದ್ದದ್ದು ಅಲ್ಲಿಂದ, 2022ರ ನವೆಂಬರ್ 11ರಂದು ಬೆಂಗಳೂರಿನಲ್ಲಿ ಹಸಿರು ನಿಶಾನೆ ಕಂಡ ಮೈಸೂರು-ಚೆನ್ನೈ ವಂದೇ ಭಾರತ್ ಕೂಡ ಅಲ್ಲಿನದೇ. ಬಿಸಿಲಲ್ಲಿ ಕಾದ ತಗಡಿನ ಊರಲ್ಲಿ ಕಟ್ಟುವ ಬೋಗಿಗಳು ತಂಪು ಮಾಡುವುದನ್ನು ಕಲಿತದ್ದರಲ್ಲಿ ಅಚ್ಚರಿಯೇನಿಲ್ಲ. ಆದರೆ 2025ರ ಜೂನ್ 6ರಂದು ಕಟ್ರಾದಿಂದ ಶ್ರೀನಗರಕ್ಕೆ ಓಡಿದ ವಂದೇ ಭಾರತ್? ಅದಕ್ಕೆ ಬೇಕಿದ್ದದ್ದು ತಂಪಲ್ಲ, ಕಾವು! ಸ್ವೆಟರ್ ಎಂಬ ಬಟ್ಟೆಯನ್ನು ಪೆಟ್ಟಿಗೆಯಲ್ಲೇ ಬಿಟ್ಟ ಊರಿನ ಕಾರ್ಖಾನೆಯ ಎಂಜಿನಿಯರುಗಳು ಹಿಮದ ಲೆಕ್ಕ ಹಾಕಬೇಕಾಯಿತು. ನೀರಿನ ತೊಟ್ಟಿ ಹೆಪ್ಪುಗಟ್ಟದಂತೆ ಸಿಲಿಕೋನ್ ಕಾವುಪಟ್ಟಿ, ಚಾಲಕನ ಮುಂದಿನ ಗಾಜಿನೊಳಗೆ ಹಿಮ ಕರಗಿಸುವ ಕಾವಿನ ಎಳೆ, ಕೊಳಾಯಿಗಳಿಗೂ ಬಿಸಿ. ಪಟ್ಟಿ ಅತಿಯಾಗಿ ಕಾಯದಂತೆ ನೋಡಿಕೊಳ್ಳಲು ಅಲ್ಲೂ ಸೆನ್ಸರ್.

ಕೊಳಾಯಿಗೆ ಸುತ್ತುವ ಕಾವಿನ ಕೇಬಲ್‌ಗಳಲ್ಲಿ ಒಂದು ಜಾತಿಯಿದೆ, ಅದಕ್ಕೆ ಪ್ರತ್ಯೇಕ ಸೆನ್ಸರಿನ ಹಂಗೂ ಇಲ್ಲ. ಎರಡು ತಂತಿಗಳ ನಡುವೆ ಇಂಗಾಲದ ಪುಡಿ ಬೆರೆತ ಪ್ಲಾಸ್ಟಿಕ್ ತುಂಬಿರುತ್ತದೆ. ಚಳಿಗೆ ಪ್ಲಾಸ್ಟಿಕ್ ಕುಗ್ಗಿದಾಗ ಇಂಗಾಲದ ಕಣಗಳು ಒಂದಕ್ಕೊಂದು ತಾಗಿ ಕರೆಂಟು ಹರಿದು ಕಾವು ಹುಟ್ಟುತ್ತದೆ. ಕಾವು ಏರಿ ಪ್ಲಾಸ್ಟಿಕ್ ಹಿಗ್ಗಿದಾಗ ಕಣಗಳು ದೂರವಾಗಿ ಕರೆಂಟು ತಾನಾಗಿ ತಗ್ಗುತ್ತದೆ. ಅಳೆಯುವುದೂ ಅದೇ, ಕಾಯುವುದೂ ಅದೇ! ಒಂದೇ ಕೇಬಲ್ಲಿನಲ್ಲಿ ಹಿಮ ಬಿದ್ದ ಗೇಣು ಬಿಸಿಯಾಗಿ, ಬಿಸಿಲು ಬಿದ್ದ ಪಕ್ಕದ ಗೇಣು ತೆಪ್ಪಗಿರಬಲ್ಲದು. ನಮ್ಮ ಕಪ್ಪು ಹನಿಯ ತದ್ವಿರುದ್ಧ ಸ್ವಭಾವ, ಬಿಸಿ ಏರಿದರೆ ರೋಧ ಏರುತ್ತದೆ. ಇದರ ತುಂಡು ಕೇಳಿಕೊಂಡು ರಿಚಿ ಸ್ಟ್ರೀಟಿಗೆ ಹೋದರೆ ಅಂಗಡಿಯವರು ಕೇಳುವುದು ಐದೋ ಹತ್ತೋ ಎಂದಲ್ಲ, ಎಷ್ಟು ಮೀಟರ್ ಎಂದು.